ಬಟ್ಟಲು ತುಂಬಾ ಪ್ರೀತಿ

2023ರ ಡಿಸೆಂಬರ್‌ನಲ್ಲಿ ಅಮ್ಮ ನಮ್ಮ ಮನೆಯಲ್ಲಿದ್ದಳು. ಹಾಸನದಿಂದ ಆರು ತಿಂಗಳಿಗೆಂದು ಬಂದವಳು. ಒಹಾಯೊದ ಚಳಿಗೆ ಬೈಯುವುದರಲ್ಲೇ ಅರ್ಧ ಕಳೆದಿದ್ದಳು. ಕ್ರಿಸ್‌ಮಸ್ ಆದ ಮೇಲಿನ ವಾರ ಅಮೆರಿಕದಲ್ಲಿ ಮಾಡೋಕೆ ಕೆಲಸ ಇರುವುದಿಲ್ಲ. ಆಫೀಸಿಗೆ ರಜೆ. ಹೊರಗೆ ಹೋದರೆ ಮೂಗು ಉದುರಿಬೀಳುವ ಚಳಿ. ಟಿವಿ ಹಾಕಿದರೆ ಬರೀ ಕಾಲೇಜ್ ಫುಟ್‌ಬಾಲ್. ಕಾಲಿಗಿಂತ ಕೈಯನ್ನೇ ಜಾಸ್ತಿ ಬಳಸುವ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಇವರ ಫುಟ್‌ಬಾಲ್.

27ನೇ ತಾರೀಖು ಷಾರ್ಲೆಟ್‌ನಲ್ಲಿ ಡ್ಯೂಕ್ಸ್ ಮೇಯೋ ಬೌಲ್, ಅಂದರೆ ಸೀಸನ್ ಮುಗಿದ ಮೇಲೆ ತಂಡಗಳನ್ನು ಕರೆದು ಆಡಿಸುವ ಪಂದ್ಯ, ಪ್ರಾಯೋಜಕರ ಹೆಸರಿನಲ್ಲಿ. ಹೌದು, ಸ್ಯಾಂಡ್‌ವಿಚ್‌ಗೆ ಸವರುವ ಮೇಯೊನೀಸ್ ಕಂಪನಿಯದೇ. ವೆಸ್ಟ್ ವರ್ಜೀನಿಯಾ ತಂಡ ನಾರ್ತ್ ಕ್ಯಾರೊಲಿನಾವನ್ನು 30-10ರಲ್ಲಿ ಸೋಲಿಸಿತು. ಆಮೇಲೆ ಗೆದ್ದ ಕೋಚನ್ನು ಕೂರಿಸಿ, ತಲೆ ಮೇಲೆ ದೊಡ್ಡ ಪಾತ್ರೆಯಿಂದ ಮೇಯೊನೀಸ್ ಸುರಿದರು. ಬೆಳ್ಳಗೆ, ಗಟ್ಟಿಯಾಗಿ, ಕಿವಿ ಹಿಂದಿನಿಂದ ಇಳಿದು ಬೆನ್ನಿಗೆ ಹೋಯಿತು.

"ಇದೇನೋ, ಅಭಿಷೇಕನಾ?" ಅಂದಳು ಅಮ್ಮ.

"ಗೆದ್ದಿದ್ದಕ್ಕೆ ಮರ್ಯಾದೆ ಅಮ್ಮ."

"ಸೋತವರೇ ಪುಣ್ಯವಂತರು ಬಿಡು."

ಸೋತ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಮುಖ್ಯ ಆಟಗಾರ, ಡ್ರೇಕ್ ಮೇ ಆವತ್ತು ಆಡಲೇ ಇಲ್ಲ. ಮೇಯೋ ಬೌಲ್‌ನಲ್ಲಿ ಮೇ ಇಲ್ಲ. ನಾಲ್ಕು ತಿಂಗಳಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಹರಾಜು ಇತ್ತು. ಅವರು ಅದಕ್ಕೆ ಡ್ರಾಫ್ಟ್ ಅನ್ನುತ್ತಾರೆ, ನಮ್ಮ ಐಪಿಎಲ್ ಹರಾಜಿನ ಗಂಭೀರ ಮುಖದ ಅಣ್ಣ. ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುತ್ತವೆ; ಮೊದಲು ಆಯ್ಕೆಯಾದಷ್ಟೂ ದುಡ್ಡು ಜಾಸ್ತಿ. ಹುಡುಗ ಮೂರನೆಯವನಾಗಿ ಆಯ್ಕೆಯಾದ. ಕೈಗೆ ಬಂದ ಕರಾರು ಮೂರೂವರೆ ಕೋಟಿ ಡಾಲರ್‌ಗೂ ಜಾಸ್ತಿ. ಮೇಯೊನೀಸ್ ಪಂದ್ಯದಲ್ಲಿ ಮಂಡಿ ಮುರಿದುಕೊಂಡಿದ್ದರೆ? ಮುಂದಿನ ವರ್ಷದ ಸ್ಯಾಂಡ್‌ವಿಚ್‌ಗೆ ತೊಂದರೆ ಇರುತ್ತಿರಲಿಲ್ಲ ಬಿಡಿ.

28ನೇ ತಾರೀಖು ಒರ್ಲ್ಯಾಂಡೊದಲ್ಲಿ ಪಾಪ್‌ಟಾರ್ಟ್ಸ್ ಬೌಲ್. ಪಾಪ್‌ಟಾರ್ಟ್ ಅಂದರೆ ಒಳಗೆ ಜಾಮ್ ತುಂಬಿ, ಮೇಲೆ ಸಕ್ಕರೆ ಬಳಿದ ಚಪ್ಪಟೆ ತಿಂಡಿ. ಟೋಸ್ಟರ್‌ಗೆ ಹಾಕಿ ಬಿಸಿ ಮಾಡಿಕೊಂಡು ತಿನ್ನುತ್ತಾರೆ. ಕನ್ಸಾಸ್ ಸ್ಟೇಟ್ 28-19ರಲ್ಲಿ ಗೆದ್ದಿತು. ಆಮೇಲೆ ಶುರುವಾಯಿತು ನೋಡಿ ನಿಜವಾದ ಆಟ. ಆಳೆತ್ತರದ ಪಾಪ್‌ಟಾರ್ಟ್ ವೇಷದವನು ಒಂದು ದೈತ್ಯ ಟೋಸ್ಟರ್ ಮೇಲೆ ಹತ್ತಿ ನಿಂತ. ಕೈಯಲ್ಲಿ ಒಂದು ಫಲಕ: ಕನಸು ನಿಜವಾಗಿಯೂ ನನಸಾಗುತ್ತೆ ಅಂತ. ಹಾಗೇ ನಗುತ್ತಾ ಟೋಸ್ಟರ್ ಒಳಗೆ ಇಳಿದು ಮಾಯವಾದ. ಕೆಳಗಿನ ಸೀಳಿನಿಂದ ನಿಜವಾದ, ತಿನ್ನಬಹುದಾದ, ಮಂಚದಷ್ಟು ದೊಡ್ಡ ಪಾಪ್‌ಟಾರ್ಟ್ ಹೊರಬಂತು. ಗೆದ್ದ ಹುಡುಗರು ಅದರ ಮುಖಕ್ಕೇ ಕೈ ಹಾಕಿ ಕಿತ್ತು ತಿಂದರು.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ತಾನಾಗೇ ಹೋಗಿ ಬಿತ್ತೇನೋ ಅದು?"

"ಹೂಂ, ತಾನಾಗೇ."

"ದುಡ್ಡು ಕೊಡ್ತಾರಾ ಅದಕ್ಕೆ?"

ಕಾಲೇಜ್ ಫುಟ್‌ಬಾಲ್ ಇಷ್ಟು ವರ್ಷ ಜಗಳವಾಡಿದ್ದು ಈ ಪ್ರಶ್ನೆಗೇ. ಅಮ್ಮ ಅದನ್ನು ಬಟಾಣಿ ಸುಲಿಯುತ್ತಾ ಕೇಳಿದಳು.

ಬೌಲ್ ಅಂದರೆ ಬಟ್ಟಲು. ಬಟ್ಟಲಿನ ಆಕಾರದ ಸ್ಟೇಡಿಯಂಗಳಿಂದ ಬಂದ ಹೆಸರು. ಹಿಂದೆ ಇಂಥ ಪಂದ್ಯ ಬೆರಳೆಣಿಕೆಯಷ್ಟಿದ್ದವು. ಕರೆ ಬಂದರೆ ಊರಿಗೇ ಹೆಮ್ಮೆ. ಈಗ 40ಕ್ಕೂ ಜಾಸ್ತಿ. ಮೇಲಿನ ದರ್ಜೆಯಲ್ಲಿರುವ ತಂಡಗಳು 130 ಚಿಲ್ಲರೆ, ಬೌಲ್ ಆಡುವವು 80ಕ್ಕೂ ಹೆಚ್ಚು. 12ರಲ್ಲಿ 6 ಗೆದ್ದರೆ ಸಾಕು. ಅರ್ಧಕ್ಕರ್ಧ ಸೋತವರಿಗೂ ಸನ್ಮಾನ ಮಾಡುವ ಈ ಪದ್ಧತಿ ನಮ್ಮ ರಾಜ್ಯೋತ್ಸವ ಪ್ರಶಸ್ತಿಯವರಿಗೆ ಗೊತ್ತಾಗದಿರಲಿ. ಐಡಹೊದಲ್ಲಿ ಆಲೂಗಡ್ಡೆ ಬೌಲ್ ಇದೆ. ಶ್ರೀವ್‌ಪೋರ್ಟ್‌ನ ಇಂಡಿಪೆಂಡೆನ್ಸ್ ಬೌಲ್ 1990ರ ದಶಕದಲ್ಲಿ ಹಲವು ವರ್ಷ ಕಳೆ ಕತ್ತರಿಸುವ ಯಂತ್ರದ ಹೆಸರು ಹೊತ್ತುಕೊಂಡಿತ್ತು. ಇವುಗಳಲ್ಲಿ ಹದಿನೈದಕ್ಕೂ ಹೆಚ್ಚು ಬೌಲ್‌ಗಳ ಮಾಲೀಕರು ಇಎಸ್‌ಪಿಎನ್‌ನವರೇ. ಪಂದ್ಯ ಅವರದೇ, ಪ್ರಸಾರ ಅವರದೇ, ನಡುವೆ ಕೂತು ಹುಡುಗರ ಪ್ರೀತಿ ಅಳೆಯುವ ಪಂಡಿತರೂ ಅವರವರೇ.

ಆಡುವ ಹುಡುಗನಿಗೆ? ಬೌಲ್‌ನವರು ಒಂದು ಉಡುಗೊರೆ ಚೀಲ ಕೊಡುತ್ತಾರೆ. ಹೆಡ್‌ಫೋನು, ಗಡಿಯಾರ, ಟೋಪಿ, ಇಂಥವು. ಅದಕ್ಕೂ ಕಾಲೇಜ್ ಕ್ರೀಡೆಗಳ ನಿಯಮ ಮಾಡುವ ಎನ್‌ಸಿಎಎ ಒಂದು ಮಿತಿ ಹಾಕಿದೆ: 550 ಡಾಲರ್. ಮದುವೆ ಮನೆಯ ತಾಂಬೂಲದ ಚೀಲ ಅಂದುಕೊಳ್ಳಿ. ಆದರೆ ಇಲ್ಲಿ ತಾಂಬೂಲ ಸಿಗುವುದು ಮದುಮಗನಿಗೆ, ಮುಯ್ಯಿ ಎಲ್ಲ ಛತ್ರದವನಿಗೆ.

ಛತ್ರದವರ ಕಥೆ ಬೇರೆ. 2011ರಲ್ಲಿ ಫಿಯೆಸ್ಟಾ ಬೌಲ್‌ನ ಲೆಕ್ಕ ಬಿಚ್ಚಿದಾಗ ಅದರ ಮುಖ್ಯಸ್ಥ ಜಾನ್ ಜಂಕರ್ ಕೆಲಸ ಕಳೆದುಕೊಂಡರು. ಲಾಭ ಮಾಡದ ಸಂಸ್ಥೆ ಎಂದು ನೋಂದಣಿಯಾದ ಜಾಗ. ಅವರ 50ನೇ ಹುಟ್ಟುಹಬ್ಬಕ್ಕೆ ಖರ್ಚಾಗಿದ್ದು 33,000 ಡಾಲರ್ ಮೇಲೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಅದೇ ವರ್ಷ ಅದೇ ಬೌಲ್ ಆಡಿದ ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ 17,500 ಟಿಕೆಟ್ ಕೊಳ್ಳಲೇಬೇಕೆಂದು ಗಂಟು ಬಿದ್ದಿತ್ತು. ಬಹುಪಾಲು ಮಾರಾಟವಾಗಲಿಲ್ಲ. ಗೌರವ ಸ್ವೀಕರಿಸಿ 16 ಲಕ್ಷ ಡಾಲರ್‌ಗೂ ಹೆಚ್ಚು ಕಳೆದುಕೊಂಡು ವಾಪಸ್ಸು ಬಂದರು.

29ನೇ ತಾರೀಖು ಪಕ್ಕದ ಮನೆಯ ಹಿರಿಯರು ಬಂದರು. ಎಪ್ಪತ್ತು ದಾಟಿದವರು. ಒಹಾಯೊ ಸ್ಟೇಟ್ ಟೋಪಿ ತಲೆಯಿಂದ ಇಳಿದದ್ದನ್ನು ನಾನು ನೋಡಿಲ್ಲ. ಆವತ್ತು ಕಾಟನ್ ಬೌಲ್‌ನಲ್ಲಿ ಅವರ ತಂಡ ಮಿಸೌರಿ ಎದುರು 14-3ರಲ್ಲಿ ಸೋತಿತು. ಕ್ವಾರ್ಟರ್‌ಬ್ಯಾಕ್ ಅಷ್ಟೊತ್ತಿಗೆ ಬೇರೆ ಕಾಲೇಜು ಹುಡುಕಿಕೊಂಡಿದ್ದ. ತಂಡದ ಜೀವವಾಗಿದ್ದ ಮಾರ್ವಿನ್ ಹ್ಯಾರಿಸನ್ ಜೂನಿಯರ್ ಮೈದಾನಕ್ಕೆ ಇಳಿಯಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ನಾಲ್ಕನೆಯವನಾಗಿ ಆಯ್ಕೆಯಾದ.

"ಈಗಿನ ಹುಡುಗರಿಗೆ ಆಟದ ಮೇಲೆ ಪ್ರೀತಿಯೇ ಇಲ್ಲ" ಅಂದರು ಹಿರಿಯರು. ನಾನು ಅನುವಾದ ಮಾಡಿ ಅಮ್ಮನಿಗೆ ಹೇಳಿದೆ. "ಎಲ್ಲಾ ಕಡೆ ಮುದುಕರು ಹೇಳೋದು ಇದೇ" ಅಂದಳು. ಅದನ್ನು ನಾನು ಅನುವಾದ ಮಾಡಲಿಲ್ಲ.

ಪ್ರೀತಿಯ ಈ ಮಾತಿಗೊಂದು ಇತಿಹಾಸ ಇದೆ. 2016ರ ಡಿಸೆಂಬರ್‌ನಲ್ಲಿ ಎಲ್‌ಎಸ್‌ಯುನ (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಲೆನರ್ಡ್ ಫೋರ್ನೆಟ್ ಮತ್ತು ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಮೆಕ್ಯಾಫ್ರಿ ಬೌಲ್ ಆಡಲ್ಲ ಅಂದರು. ದೇಶವೇ ಹೌಹಾರಿತು. ಸಂಪ್ರದಾಯ ಹಾಳಾಯಿತು, ಸ್ವಾರ್ಥಿಗಳು, ಜೊತೆಗಾರರಿಗೆ ಮೋಸ, ಹೀಗೆ. ಸಂಪ್ರದಾಯದ ಬಗ್ಗೆ ಮಾತಾಡುವುದಾದರೆ, ಮೊಟ್ಟಮೊದಲ ಬೌಲ್ ಪಂದ್ಯ ನಡೆದದ್ದು 1902ರ ಜನವರಿ 1ರಂದು ಪಸಡೀನಾದಲ್ಲಿ. ಮಿಷಿಗನ್ 49, ಸ್ಟ್ಯಾನ್‌ಫರ್ಡ್ ಸೊನ್ನೆ. ಇನ್ನೂ 8 ನಿಮಿಷ ಬಾಕಿ ಇದ್ದಾಗ ಸ್ಟ್ಯಾನ್‌ಫರ್ಡ್‌ನವರು ಸಾಕಪ್ಪಾ ಸಾಕು ಅಂದು ಆಟ ನಿಲ್ಲಿಸಿದರು. ಅಂದರೆ ಬೌಲ್ ಬಿಟ್ಟು ಹೋಗುವುದು ಬೌಲ್‌ನಷ್ಟೇ ಹಳೆಯದು. ಮೆಕ್ಯಾಫ್ರಿ ಪಾಪ ತನ್ನ ಕಾಲೇಜಿನ ಪರಂಪರೆ ಉಳಿಸಿದ ಅಷ್ಟೇ. ಆ ಪಂದ್ಯದಿಂದ ಬೇಸತ್ತ ಆಯೋಜಕರು 1916ರ ತನಕ ಫುಟ್‌ಬಾಲನ್ನೇ ಬಿಟ್ಟು ರಥದ ಓಟ ಇಟ್ಟರು. ಒಂದು ವರ್ಷ ಆನೆಗೂ ಒಂಟೆಗೂ ಓಟ ಇಟ್ಟಿದ್ದರು. ಆನೆ ಗೆದ್ದಿತು. ಅದಕ್ಕೆ ಆಟದ ಮೇಲೆ ಪ್ರೀತಿ ಇತ್ತೋ ಇಲ್ಲವೋ ಯಾರೂ ವಿಚಾರಿಸಲಿಲ್ಲ.

ಫೋರ್ನೆಟ್, ಮೆಕ್ಯಾಫ್ರಿ ಹಾಗೆ ಮಾಡಲು ಕಾರಣ ಆ ವರ್ಷದ ಮೊದಲ ದಿನವೇ ನಡೆದಿತ್ತು. 2016ರ ಜನವರಿ 1, ಫಿಯೆಸ್ಟಾ ಬೌಲ್, ನೊಟ್ರ್ ಡಾಮ್ ಮತ್ತು ಒಹಾಯೊ ಸ್ಟೇಟ್. ನೊಟ್ರ್ ಡಾಮ್‌ನ ಜೇಲನ್ ಸ್ಮಿತ್ ದೇಶದ ಅತ್ಯುತ್ತಮ ಲೈನ್‌ಬ್ಯಾಕರ್ (ಎದುರಾಳಿಯನ್ನು ತಡೆಯುವ ಆಟಗಾರ) ಅನ್ನಿಸಿಕೊಂಡವನು. ಮೊದಲ ಐದರಲ್ಲಿ ಆಯ್ಕೆಯಾಗುವುದು ಖಾತ್ರಿ ಅಂತ ಮಾತಿತ್ತು. ಮೊದಲ ಕ್ವಾರ್ಟರ್‌ನಲ್ಲೇ ಎದುರಾಳಿ ತಳ್ಳಿದ. ಎಡಗಾಲು ನೆಲಕ್ಕೆ ಊರಿತು, ಮಂಡಿ ಬೇರೆ ದಿಕ್ಕಿಗೆ ಹೋಯಿತು. ಮಂಡಿಯ ಅಸ್ಥಿರಜ್ಜು ಹರಿದದ್ದಲ್ಲದೆ ನರಕ್ಕೂ ಪೆಟ್ಟು. ಪಾದ ಎತ್ತಲೇ ಆಗದ ಸ್ಥಿತಿ.

ಅದೇ ಪಂದ್ಯದಲ್ಲಿ ಒಹಾಯೊ ಸ್ಟೇಟ್‌ನ ಎಜಿಕಿಯಲ್ ಎಲಿಯಟ್ ನಾಲ್ಕು ಟಚ್‌ಡೌನ್ ಹೊಡೆದ. ನಾಲ್ಕು ತಿಂಗಳಾದ ಮೇಲೆ ಡಲ್ಲಾಸ್ ಕೌಬಾಯ್ಸ್ ಇಬ್ಬರನ್ನೂ ಆರಿಸಿಕೊಂಡಿತು. ಎಲಿಯಟ್ ನಾಲ್ಕನೆಯವನು, ಸುಮಾರು 2.5 ಕೋಟಿ ಡಾಲರ್. ಸ್ಮಿತ್ 34ನೆಯವನು, ಸುಮಾರು 65 ಲಕ್ಷ. ಒಂದೇ ಪಂದ್ಯ, ಒಂದೇ ತಂಡ, ಒಂದೇ ಏಪ್ರಿಲ್. ವ್ಯತ್ಯಾಸ ಒಂದು ಮಂಡಿ. ವಿಮೆ ಇತ್ತು, 9 ಲಕ್ಷ ಡಾಲರ್ ಬಂತಂತೆ. ಆ ವರ್ಷ ಪೂರ್ತಿ ಅವನು ಆಡಲಿಲ್ಲ. ಆ ಬೌಲ್‌ಗೆ ಹೆಸರು ಕೊಟ್ಟಿದ್ದು ಬ್ಯಾಟಲ್‌ಫ್ರಾಗ್ ಅನ್ನುವ, ಅಡೆತಡೆ ಓಟ ನಡೆಸುವ ಕಂಪನಿ. ಅದೇ ವರ್ಷ ಕಂಪನಿಯವರು ತಮ್ಮ ಓಟಗಳನ್ನೇ ನಿಲ್ಲಿಸಿದರು. ಅವರಿಗೆ ಓಟದ ಮೇಲೆ ಪ್ರೀತಿ ಇಲ್ಲ ಅಂತ ಯಾರೂ ಅನ್ನಲಿಲ್ಲ. ವ್ಯವಹಾರ ಅಲ್ವಾ.

ಹಿರಿಯರಿಗೆ ಆ ಪಂದ್ಯ ಚೆನ್ನಾಗಿ ನೆನಪಿದೆ. "44-28, ನಾವೇ ಗೆದ್ದಿದ್ದು" ಅಂದರು.

ಇನ್ನು ಕೋಚ್‌ಗಳು. ಬ್ರಯನ್ ಕೆಲಿ 2009ರಲ್ಲಿ ಸಿನ್ಸಿನಾಟಿ ತಂಡದ ಕೋಚ್. ತಂಡ 12ಕ್ಕೆ 12 ಗೆದ್ದಿತ್ತು. ಶುಗರ್ ಬೌಲ್‌ಗೆ ಮುಂಚೆ ನೊಟ್ರ್ ಡಾಮ್‌ನಿಂದ ಕರೆ ಬಂತು, ಹೊರಟರು. ಹುಡುಗರು ಫ್ಲೋರಿಡಾ ಕೈಲಿ 51-24ರಲ್ಲಿ ಒದೆ ತಿಂದರು. 2021ರಲ್ಲಿ ನೊಟ್ರ್ ಡಾಮ್‌ಗೆ ಪ್ಲೇಆಫ್ ಬಾಗಿಲು ಇನ್ನೂ ತೆರೆದಿತ್ತು. ಎಲ್‌ಎಸ್‌ಯುನಿಂದ ಹತ್ತು ವರ್ಷಕ್ಕೆ 9.5 ಕೋಟಿ ಡಾಲರ್ ಬಂತು, ಮತ್ತೆ ಹೊರಟರು. 2025ರಲ್ಲಿ ಎಲ್‌ಎಸ್‌ಯು ಅವರನ್ನು ಕಿತ್ತುಹಾಕಿ ಆ ಜಾಗಕ್ಕೆ ಲೇನ್ ಕಿಫಿನ್‌ರನ್ನು ತಂದಿತು. ಎಲ್ಲಿಂದ? 11 ಗೆದ್ದು ಒಂದೇ ಒಂದು ಸೋತು, ಪ್ಲೇಆಫ್ ಹೊಸಿಲಲ್ಲಿ ನಿಂತಿದ್ದ ಓಲ್ ಮಿಸ್‌ನಿಂದ, ಅಂದರೆ ಮಿಸಿಸಿಪಿ ವಿಶ್ವವಿದ್ಯಾಲಯದಿಂದ. ಪ್ಲೇಆಫ್ ಮುಗಿಯುವ ತನಕ ಇಲ್ಲೇ ಇರ್ತೀನಿ ಅಂತ ಅವರು ಕೇಳಿದ್ದುಂಟು, ಓಲ್ ಮಿಸ್ ಬೇಡ ಅಂದಿತು. ಮಜಾ ಇರುವುದು ಇಲ್ಲಿ. ಓಲ್ ಮಿಸ್ ಹುಡುಗರು ಪ್ಲೇಆಫ್ ಆಡಿದ್ದಕ್ಕೆ ಅಲ್ಲೇ ಇದ್ದಿದ್ದರೆ ಸಿಗುತ್ತಿದ್ದ ಬೋನಸ್ಸನ್ನು ಎಲ್‌ಎಸ್‌ಯು ಕಿಫಿನ್‌ಗೆ ಕೊಡಲು ಒಪ್ಪಿತು. ತಾನು ಬಿಟ್ಟು ಬಂದ ಪಂದ್ಯಕ್ಕೆ ಬಹುಮಾನ! ಅಡಿಗೆ ಭಟ್ಟರು ಒಲೆ ಮೇಲೆ ಹುಳಿ ಬಿಟ್ಟು ಪಕ್ಕದ ಛತ್ರಕ್ಕೆ ಹೋದರೂ ಇಲ್ಲಿನ ಊಟದ ದಕ್ಷಿಣೆ ಅಲ್ಲಿಗೇ ಪಾರ್ಸಲ್. ಹುಡುಗ ಮನೆಯಲ್ಲಿ ಕೂತರೆ ಮಾತ್ರ ಪೀಳಿಗೆಯೇ ಕೆಟ್ಟಿತು.

2022ರ ಜನವರಿ 1ರಂದು ಈ ಪೀಳಿಗೆಗೆ ಫುಟ್‌ಬಾಲ್ ಮೇಲೆ ಪ್ರೀತಿ ಇಲ್ಲ ಎಂಬರ್ಥದ ಮಾತನ್ನು ಇಎಸ್‌ಪಿಎನ್‌ನ ಪಂಡಿತ ಕರ್ಕ್ ಹರ್ಬ್‌ಸ್ಟ್ರೀಟ್ ಟಿವಿಯಲ್ಲಿ ಹೇಳಿದರು. ಆಮೇಲೆ ಎಲ್ಲರಿಗೂ ಹೇಳಿದ್ದಲ್ಲ ಅಂತ ಸ್ಪಷ್ಟನೆಯೂ ಕೊಟ್ಟರು. ಅದೇ ರಾತ್ರಿ ಶುಗರ್ ಬೌಲ್‌ನಲ್ಲಿ ಓಲ್ ಮಿಸ್‌ನ ಮ್ಯಾಟ್ ಕೊರಲ್ ಆಡಿದ. ಆಡದೆ ಇರಬಹುದಿತ್ತು, ಜೊತೆಗಾರರಿಗೋಸ್ಕರ ಇಳಿದ. ಪಾದದ ಗಂಟು ಹೋಯಿತು. ಊರುಗೋಲು ಹಿಡಿದುಕೊಂಡು ಮೈದಾನದ ಪಕ್ಕ ಬಂದು ನಿಂತ. ಏಪ್ರಿಲ್‌ನಲ್ಲಿ 94ನೆಯವನಾಗಿ ಆಯ್ಕೆಯಾದ. ಪ್ರೀತಿ ಎಷ್ಟಿತ್ತು ಅಂತ ಬಿಲ್ ಬಂತು.

30ನೇ ತಾರೀಖು ಆರೆಂಜ್ ಬೌಲ್. ಫ್ಲೋರಿಡಾ ಸ್ಟೇಟ್ 13ಕ್ಕೆ 13 ಗೆದ್ದಿದ್ದರೂ ಪ್ಲೇಆಫ್‌ಗೆ ತೆಗೆದುಕೊಂಡಿರಲಿಲ್ಲ. ತಂಡಗಳನ್ನು ಆರಿಸುವ ಸಮಿತಿ ಕೊಟ್ಟ ಕಾರಣ ಕ್ವಾರ್ಟರ್‌ಬ್ಯಾಕ್ ಜಾರ್ಡನ್ ಟ್ರಾವಿಸ್ ಕಾಲು ಮುರಿದುಕೊಂಡದ್ದು. ಅವನಿಲ್ಲದ ತಂಡ ಮೊದಲಿನ ತಂಡ ಅಲ್ಲ ಅಂತ. ಸರಿ, ಒಬ್ಬ ಹುಡುಗನ ಕಾಲಿಗೆ ಇಷ್ಟೊಂದು ಬೆಲೆ ಇದೆ ಅಂತ ಸಮಿತಿಯೇ ಬರೆದುಕೊಟ್ಟ ಮೇಲೆ ಉಳಿದವರೂ ತಮ್ಮ ತಮ್ಮ ಕಾಲು ನೋಡಿಕೊಂಡರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಆಡಲಿಲ್ಲ. ಜಾರ್ಜಿಯಾ 63, ಫ್ಲೋರಿಡಾ ಸ್ಟೇಟ್ 3.

ಹಿರಿಯರು ನಮ್ಮ ಮನೆಗೆ ಬಂದು ಚಕ್ಕುಲಿ ತಿನ್ನುತ್ತಾ ನೋಡಿದರು. "ನಾಚಿಕೆ ಆಗಬೇಕು, ಅರ್ಧಕ್ಕೆ ಬಿಟ್ಟು ಹೋಗ್ತಾರೆ" ಅಂತ ಮೂರು ಸಲ ಹೇಳಿದರು. ಹಾಫ್‌ಟೈಮ್‌ಗೆ ಎದ್ದು ಮನೆಗೆ ಹೋದರು. ಉಳಿದ ಚಕ್ಕುಲಿಯನ್ನು ಅಮ್ಮ ಡಬ್ಬಿಗೆ ಹಾಕಿ ಕೊಟ್ಟು ಕಳಿಸಿದಳು.

ಈಗ ಹುಡುಗರಿಗೂ ದುಡ್ಡು ಇದೆ. 2021ರಿಂದ ತಮ್ಮ ಹೆಸರು, ಮುಖ ಮಾರಿಕೊಳ್ಳಬಹುದು. 2025ರಿಂದ ಕಾಲೇಜೇ ನೇರವಾಗಿ ಕೊಡಬಹುದು. ದುಡ್ಡು ಬಂದರೆ ಪ್ರೀತಿ ಹಿಂದೆಯೇ ಬರುತ್ತೆ ಅಂತ ಕೆಲವರು ಅಂದುಕೊಂಡಿದ್ದರು. ಬಂದದ್ದು ಇದು: 2025ರ ಡಿಸೆಂಬರ್‌ನಲ್ಲಿ ಪ್ಲೇಆಫ್ ತಪ್ಪಿದ ನೊಟ್ರ್ ಡಾಮ್, ಇಡೀ ತಂಡವೇ, ನಮಗೆ ಯಾವ ಬೌಲೂ ಬೇಡ ಅಂದಿತು. ಕೋಚ್ ಬದಲಾವಣೆಯ ಗಡಿಬಿಡಿಯಲ್ಲಿದ್ದ ಐಯೊವಾ ಸ್ಟೇಟ್, ಕನ್ಸಾಸ್ ಸ್ಟೇಟ್ ಕೂಡ ಬೇಡ ಅಂದವು. ಲೀಗಿನವರು ಇಬ್ಬರಿಗೂ ತಲಾ 5 ಲಕ್ಷ ಡಾಲರ್ ದಂಡ ಹಾಕಿದರು. ಖಾಲಿ ಎಲೆ ತುಂಬಿಸೋಕೆ 5 ಗೆದ್ದು 7 ಸೋತ ತಂಡಗಳನ್ನು ಕರೆದರೆ, ಅವುಗಳಲ್ಲೂ ಹಲವು ಒಂದೊಂದಾಗಿ ಕೈಮುಗಿದವು.

ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ.

"ಕನ್ಸಾಸ್ ಅಂದ್ರೆ ಆ ತಿಂಡಿ ಮುಖ ಕಿತ್ತು ತಿಂದರಲ್ಲ, ಅವರೇನಾ?"

"ಅವರೇ."

"ಆ ತಿಂಡಿ?"

"ಅವನು ತಪ್ಪಿಸಲ್ಲ ಅಮ್ಮ. ಪ್ರತಿ ವರ್ಷ ಬರ್ತಾನೆ."

ಆ ಕಡೆ ಕುಕ್ಕರ್ ಕೂಗಿತು. ಫೋನ್ ಇಡುತ್ತಾಳೆ ಅಂದುಕೊಂಡೆ.

"ಅಲ್ಲ ಕಣೋ, ಆ ಮಂಡಿ ಹುಡುಗ. ಅವನಿಗೆ ಪಾದ ಎತ್ತೋಕೆ ಬಂತಾ ಆಮೇಲೆ?"