ಇಸ್ರೋಗೆ ಶುಕ್ರದೆಸೆ ಬೇಕೇ?

2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ 1,236 ಕೋಟಿ ರೂಪಾಯಿಯ ಶುಕ್ರ ಯೋಜನೆಗೆ ಒಪ್ಪಿಗೆ ನೀಡಿತು. ನೌಕೆ 2028ರ ಮಾರ್ಚ್‌ನಲ್ಲಿ ಹೊರಡಬೇಕೆಂಬುದು ಲೆಕ್ಕಾಚಾರ. ಶುಕ್ರನ ಮೋಡಗಳಲ್ಲಿ ಸೂಕ್ಷ್ಮಜೀವಿಗಳಿರಬಹುದು ಎಂಬ ಮಾತೂ ಜೊತೆಜೊತೆಗೇ ಓಡಾಡುತ್ತಿದೆ. ನಾವು ಅಲ್ಲಿಗೆ ಹೋಗಬೇಕೇ?

ಪರ: ಎರಡು ಗಂಟೆ ನೋಡಿ ತೀರ್ಪು ಕೊಡಬೇಡಿ
(ಲೇಖಕರು ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕರು)

ವಿರೋಧ ಬರೆಯುವವರು ಏನು ಹೇಳುತ್ತಾರೆಂಬುದು ಓದದೆಯೇ ಗೊತ್ತು. ರಸ್ತೆಯಲ್ಲಿ ಗುಂಡಿ ಇದೆ, ಶಾಲೆಗೆ ಶೌಚಾಲಯವಿಲ್ಲ, ಶುಕ್ರನಿಗೆ ನೌಕೆ ಯಾಕೆ? 1975ರಲ್ಲಿ ಆರ್ಯಭಟ ಹಾರಿದಾಗಿನಿಂದ ಚಂದ್ರಯಾನ, ಮಂಗಳಯಾನದವರೆಗೆ ಈ ಪ್ರಶ್ನೆಯನ್ನು ಕೇಳಿಕೊಂಡೇ ಬಂದಿದ್ದಾರೆ. ಗುಂಡಿ ಇದ್ದಲ್ಲಿಯೇ ಇದೆ. ಅದನ್ನು ತೋಡಿದ್ದು ಇಸ್ರೋ ಅಲ್ಲ. 1,236 ಕೋಟಿಯನ್ನು 140 ಕೋಟಿ ಜನರಿಗೆ ಹಂಚಿದರೆ ತಲೆಗೆ ಒಂಬತ್ತು ರೂಪಾಯಿಯೂ ಬೀಳುವುದಿಲ್ಲ. ಆ ದುಡ್ಡಿಗೆ ಈಗ ದರ್ಶಿನಿಯಲ್ಲಿ ಕಾಫಿಯೂ ಸಿಗದು. ಕಾಸಿನ ಮಾತು ಇಲ್ಲಿಗೆ ಸಾಕು.

ಶುಕ್ರ ಗಾತ್ರದಲ್ಲಿ ಬಹುತೇಕ ಭೂಮಿಯೇ. ನಮ್ಮ ವ್ಯಾಸ 12,756 ಕಿ.ಮೀ., ಅದರದು 12,104. ಎರಡೂ ಹುಟ್ಟಿದ್ದು ಒಂದೇ ಕಾಲದಲ್ಲಿ, ಒಂದೇ ಸೂರ್ಯನ ಸುತ್ತ. ಇಲ್ಲಿ ಕಾವೇರಿ ಹರಿಯಿತು, ಅಲ್ಲಿ ನೆಲದ ಶಾಖ 465 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಸೀಸ ಕರಗುವಂತಾಯಿತು. ಗಾಳಿಯ ಒತ್ತಡ ನಮ್ಮದಕ್ಕಿಂತ 90 ಪಟ್ಟು ಹೆಚ್ಚು. ಅಲ್ಲಿನ ಗಾಳಿಯಲ್ಲಿ ಉಳಿದಿರುವ ಅತ್ಯಲ್ಪ ನೀರಾವಿಯಲ್ಲಿ ಭಾರ ಜಲಜನಕದ ಪ್ರಮಾಣ ಭೂಮಿಯದಕ್ಕಿಂತ ನೂರು ಪಟ್ಟಿಗೂ ಮಿಗಿಲು. ಹಗುರವಾದದ್ದು ಹಾರಿಹೋಗಿ ಭಾರವಾದದ್ದು ಉಳಿಯಿತು. ಎಂದರೆ ಒಂದು ಕಾಲಕ್ಕೆ ಅಲ್ಲಿ ಈಗಿನದಕ್ಕಿಂತ ಬಹಳ ಹೆಚ್ಚು ನೀರಿತ್ತು. ಅದು ಸಮುದ್ರವಾಗಿತ್ತೇ, ಬರಿಯ ಆವಿಯಾಗಿತ್ತೇ ಎಂಬ ಜಗಳ ಇನ್ನೂ ಮುಗಿದಿಲ್ಲ. ಪಕ್ಕದ ಮನೆ ಹೀಗೆ ಹಾಳಾದದ್ದು ಹೇಗೆಂದು ತಿಳಿಯುವ ಕುತೂಹಲವೂ ಬೇಡವೇ?

ಕೆಳಗೆ ಕುಲುಮೆ ನಿಜ. ಆದರೆ ಐವತ್ತು ಚಿಲ್ಲರೆ ಕಿಲೋಮೀಟರ್ ಮೇಲೆ, ಮೋಡಗಳ ನಡುವೆ, ಬಿಸಿ ನಮ್ಮ ರಾಯಚೂರಿನ ಬೇಸಿಗೆಯ ಆಸುಪಾಸಿಗೆ ಇಳಿಯುತ್ತದೆ, ಒತ್ತಡವೂ ಭೂಮಿಯ ಮಟ್ಟಕ್ಕೆ ಬರುತ್ತದೆ. ಆ ಮೋಡಗಳಲ್ಲಿ ಜೀವ ತೇಲುತ್ತಿರಬಹುದು ಎಂದು ವಿಜ್ಞಾನಿಗಳಾದ ಕಾರ್ಲ್ ಸೇಗನ್ ಮತ್ತು ಹೆರಾಲ್ಡ್ ಮೊರೊವಿಟ್ಜ್ 1967ರಲ್ಲಿಯೇ ಬರೆದರು. ಅಲ್ಲಿನ ಮೋಡ ಆಮ್ಲದ ಮೋಡ ಎಂದು ಹೆದರಿಸುವವರಿದ್ದಾರೆ. ಬಿಸಿನೀರಿನ ಬುಗ್ಗೆಗಳಲ್ಲಿ, ಆಮ್ಲ ಹರಿಯುವ ಗಣಿಗಳಲ್ಲಿ ಸೂಕ್ಷ್ಮಜೀವಿಗಳು ಸುಖವಾಗಿವೆ. ಜೀವಕ್ಕೆ ನಮ್ಮ ನಾಜೂಕು ಇಲ್ಲ.

2004ರ ಜೂನ್ 8ರಂದು ಶುಕ್ರ ಸಂಕ್ರಮಣವಾಯಿತಲ್ಲ, ಶುಕ್ರ ಸೂರ್ಯನ ಬಿಂಬದ ಮುಂದೆ ಹಾದುಹೋದದ್ದು, ಆಗ ನಾನು ಅರಸೀಕೆರೆ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಶಾಲೆ ಆಗಷ್ಟೇ ತೆರೆದಿತ್ತು, ಪಠ್ಯಪುಸ್ತಕ ಇನ್ನೂ ಬಂದಿರಲಿಲ್ಲ. ಹಕ್ಕಿ ನೋಡುವ ಗೆಳೆಯರೊಬ್ಬರಿಂದ ಬೈನಾಕ್ಯುಲರ್ ತಂದು, ಅದರ ಒಂದು ಕಣ್ಣಿಗೆ ರಟ್ಟು ಕಟ್ಟಿ, ಇನ್ನೊಂದರಿಂದ ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿದೆವು. ಹನ್ನೊಂದರ ಹೊತ್ತಿಗೆ ಬಿಂಬದ ಅಂಚಿನಲ್ಲಿ ರಾಗಿ ಕಾಳಿನಷ್ಟು ಕಪ್ಪು ಚುಕ್ಕೆ. ಸಂಜೆಯವರೆಗೂ ಅದು ತೆವಳುತ್ತಿತ್ತು. ಮಧ್ಯೆ ಮೋಡ ಬಂದಾಗಲೆಲ್ಲ ಮಕ್ಕಳು ಮೋಡವನ್ನು ಬೈಯುತ್ತಿದ್ದರು. ಮೊಮ್ಮಗನನ್ನು ಕರೆದೊಯ್ಯಲು ಬಂದ ಅಜ್ಜಿಯೊಬ್ಬರು ಹಾಳೆಯನ್ನು ನೋಡಿ, "ಮುಂಜಾನೆ ಹೊಲಕ್ಕೆ ಹೋಗುವಾಗ ಅಷ್ಟು ದೊಡ್ಡದಾಗಿ ಹೊಳೆಯುವ ಬೆಳ್ಳಿ ಇದೇ ಏನು ಮೇಷ್ಟ್ರೇ?" ಎಂದು ನಂಬದೆ ನಿಂತರು. ಹೌದಮ್ಮ, ಇದೇ ಎಂದೆ. "ಪಾಪ, ಸೊರಗಿದೆ" ಎಂದರು.

ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಸೋವಿಯತ್ ರಷ್ಯಾದ ವೆನೆರಾ ನೌಕೆಗಳ ಕಥೆ ಹೇಳಿದೆ: 1970ರಲ್ಲಿ ವೆನೆರಾ-7 ಇಳಿದದ್ದು, 1982ರಲ್ಲಿ ವೆನೆರಾ-13 ಸುಟ್ಟು ಸುಮ್ಮನಾಗುವ ಮೊದಲು 127 ನಿಮಿಷ ತಡೆದುಕೊಂಡದ್ದು, ಅದೇ ಅತಿ ದೀರ್ಘ ವಾಸ ಎಂಬುದು. ಅವಳು ತಟ್ಟನೆ ಹೇಳಿದಳು: "ಇನ್‌ಸ್ಪೆಕ್ಟರ್ ಸಾಹೇಬರು ನಮ್ಮ ಶಾಲೆಯಲ್ಲೂ ಎರಡು ಗಂಟೆ ಇದ್ದು ಹೋಗುತ್ತಾರೆ ಸರ್. ಅವರಿಗೆ ನಮ್ಮ ಶಾಲೆ ಗೊತ್ತೇ?"

ಶುಕ್ರನಲ್ಲಿ ಏನೂ ಇಲ್ಲ ಎಂದು ಖಚಿತವಾಗಿ ಹೇಳುವವರೆಲ್ಲ ನನಗೆ ಆ ಇನ್‌ಸ್ಪೆಕ್ಟರರಂತೆಯೇ ಕಾಣುತ್ತಾರೆ. 1985ರಲ್ಲಿ ಸೋವಿಯತ್ತರ ವೆಗಾ ನೌಕೆಗಳು ಅಲ್ಲಿನ ಮೋಡಗಳಲ್ಲಿ ಎರಡು ಬಲೂನು ಹಾರಿಬಿಟ್ಟವು. ಅವು ಎರಡು ದಿನದಷ್ಟು ತೇಲಿದವು. ಆಮೇಲೆ ಆ ಗಾಳಿಯೊಳಗೆ ಇಳಿದು ಅಳತೆ ಮಾಡಿದವರೇ ಇಲ್ಲ. 2023ರಲ್ಲಿ ವಿಜ್ಞಾನಿಗಳು ಅಮೆರಿಕದ ಮೆಗೆಲನ್ ನೌಕೆಯ ಮೂವತ್ತು ವರ್ಷ ಹಳೆಯ ರೇಡಾರ್ ಚಿತ್ರಗಳನ್ನು ಮತ್ತೆ ಕೆದಕಿ, ಮಾಟ್ ಮಾನ್ಸ್ ಪರ್ವತದ ಜ್ವಾಲಾಮುಖಿ ಬಾಯೊಂದು ಎಂಟು ತಿಂಗಳಲ್ಲಿ ಆಕಾರ ಬದಲಿಸಿದ್ದನ್ನು ಕಂಡರು. ಸತ್ತಿದೆ ಎಂದುಕೊಂಡಿದ್ದ ಗ್ರಹ ಒಳಗೊಳಗೇ ಕುದಿಯುತ್ತಿದೆ. ಹಳೆಯ ಚಿತ್ರಗಳಲ್ಲಿಯೇ ಇಷ್ಟು ಸಿಕ್ಕಿದರೆ ನಮ್ಮ ನೌಕೆಯಲ್ಲಿ ಹೊಸ ರೇಡಾರ್ ಹೋದರೆ ಏನೆಲ್ಲ ಸಿಕ್ಕೀತು! ಅಮೆರಿಕದ ಡಾವಿಂಚಿ, ವೆರಿಟಾಸ್ ನೌಕೆಗಳೂ ಯುರೋಪಿನ ಎನ್‌ವಿಷನ್ನೂ ಮುಂದಿನ ದಶಕಕ್ಕೆ ಸರಿದಿವೆ. ನಾವು ಹೇಳಿದ ಹೊತ್ತಿಗೆ ಹೊರಟರೆ ಅವರಿಗಿಂತ ಮೊದಲು ತಲುಪುವವರು ನಾವೇ. ಮಂಗಳಯಾನದ ಮಾತುಗಳನ್ನು ಕೇಳಿಸಿಕೊಂಡ ಬ್ಯಾಲಾಳಿನ 32 ಮೀಟರ್ ಆಂಟೆನಾ ಬೆಂಗಳೂರಿನ ಹೊರವಲಯದಲ್ಲಿ ಸಿದ್ಧವಾಗಿಯೇ ನಿಂತಿದೆ. ಇನ್ನು ಯಾರ ಅಪ್ಪಣೆಗೆ ಕಾಯಬೇಕು?

ವಿರೋಧ: ಹೋಗಲಿ, ಜೀವದ ಹೆಸರಿನಲ್ಲಿ ಬೇಡ
(ಲೇಖಕರು ಪದವಿ ಕಾಲೇಜಿನ ರಸಾಯನಶಾಸ್ತ್ರ ಅಧ್ಯಾಪಕರು)

ನನ್ನ ಪಾಲಿಗೆ ವಿರೋಧ ಬಂದಿದೆ. ಇಸ್ರೋ ಎಲ್ಲಿಗೂ ಹೋಗಬಾರದೆಂದು ಬರೆಯುವಷ್ಟು ವಿರೋಧ ನನ್ನಲ್ಲಿಲ್ಲ. ಹಣದ ಲೆಕ್ಕವನ್ನೂ ಎತ್ತುವುದಿಲ್ಲ. ಮಂಗಳಯಾನಕ್ಕೆ 450 ಕೋಟಿ ಆಗಿತ್ತು, ಇದಕ್ಕೆ ಹೆಚ್ಚುಕಡಿಮೆ ಅದರ ಮೂರು ಪಟ್ಟು ಎಂದಷ್ಟೇ ಹೇಳಿ ಬಿಡುತ್ತೇನೆ. ನನ್ನ ತಕರಾರು 'ಜೀವ' ಎಂಬ ಗಾಳದ ಬಗ್ಗೆ.

2020ರ ಸೆಪ್ಟೆಂಬರ್‌ನಲ್ಲಿ ಖಗೋಳ ವಿಜ್ಞಾನಿ ಜೇನ್ ಗ್ರೀವ್ಸ್ ಅವರ ತಂಡ ಶುಕ್ರನ ಮೋಡಗಳಲ್ಲಿ ಫಾಸ್ಫೀನ್ ಅನಿಲದ ಸುಳಿವು ಸಿಕ್ಕಿದೆ ಎಂದು ಪ್ರಕಟಿಸಿತು. ಆಗ ಕೋವಿಡ್ ಕಾಲ, ನಾನು ಮೊಬೈಲ್ ಮುಂದೆ ಕುಳಿತು ಪಾಠ ಮಾಡುತ್ತಿದ್ದೆ. ಹುಡುಗರೆಲ್ಲ ಜೀವ ಸಿಕ್ಕಿತಂತೆ ಎಂದು ಕೂಗಿದರು. ದಾವಣಗೆರೆಯ ಒಬ್ಬ ಹುಡುಗ ಮಾತ್ರ, ಅವನ ತಂದೆಯದು ಅಕ್ಕಿ ಗಿರಣಿ, "ಸರ್, ಅದು ನಮ್ಮ ಗೋದಾಮಿನ ಗುಳಿಗೆಯ ಗ್ಯಾಸ್ ಅಲ್ಲವೇ?" ಎಂದ. ನಿಜವೇ. ಧಾನ್ಯದ ಮೂಟೆಗಳ ನಡುವೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವಕ್ಕೆ ಬಿಡುವುದು ಇದೇ ಅನಿಲವನ್ನು. ಹುಳ, ಇಲಿ, ಎಚ್ಚರ ತಪ್ಪಿದರೆ ಮನುಷ್ಯ, ಎಲ್ಲವನ್ನೂ ಕೊಲ್ಲುವ ಅನಿಲ. ಭೂಮಿಯ ಮೇಲೆ ಆಮ್ಲಜನಕವಿಲ್ಲದ ಕೆಸರಿನಲ್ಲಿಯೂ ಅದು ಸಿಗುತ್ತದೆ ಎಂಬ ಎಳೆ ಹಿಡಿದು ಶುಕ್ರನಲ್ಲಿ ಜೀವವನ್ನು ಊಹಿಸಿದರು. ಕೆಲವೇ ತಿಂಗಳಲ್ಲಿ, ಆ ತಂಡ ಬಳಸಿದ್ದ ಆಲ್ಮಾ ದೂರದರ್ಶಕದ ದತ್ತಾಂಶ ಸಂಸ್ಕರಣೆಯಲ್ಲಿ ದೋಷ ಕಂಡಿತು, ಮೊದಲು ಹೇಳಿದ ಪ್ರಮಾಣ ಕುಸಿಯಿತು. ವಿಮಾನದಲ್ಲಿ ಹಾರುತ್ತಿದ್ದ ಸೋಫಿಯಾ ದೂರದರ್ಶಕದಿಂದ ಹುಡುಕಿದವರಿಗೆ ಅದು ಕಾಣಲೇ ಇಲ್ಲ. ವಾದ ಇನ್ನೂ ನಡೆದಿದೆ, ನಡೆಯಲಿ. ಅದರ ಮೇಲೆ ಮನೆ ಕಟ್ಟಬಾರದು ಅಷ್ಟೇ.

ಆಮ್ಲದಲ್ಲಿಯೂ ಜೀವಿಗಳಿವೆ ಎಂದು ಪರ ವಾದಿಸುವವರು ಹೇಳಿಯೇ ಹೇಳುತ್ತಾರೆ. ಗಣಿಯ ಆಮ್ಲ ಬಹುಪಾಲು ನೀರು; ಶುಕ್ರನ ಮೋಡ ಬಹುಪಾಲು ಸಲ್ಫ್ಯೂರಿಕ್ ಆಮ್ಲ. ಜೀವಿಗೆ ದಕ್ಕುವ ನೀರನ್ನು ಅಳೆಯಲು ಸೊನ್ನೆಯಿಂದ ಒಂದರವರೆಗಿನ ಅಳತೆಯೊಂದಿದೆ. ನಮಗೆ ತಿಳಿದ ಅತ್ಯಂತ ಗಟ್ಟಿ ಸೂಕ್ಷ್ಮಜೀವಿಗೂ 0.585 ಬೇಕು. ಜೇನುತುಪ್ಪ ಕೆಡದೆ ಉಳಿಯುವುದು ಅದು ಈ ಗೆರೆಯ ಆಸುಪಾಸಿನಲ್ಲಿರುವುದರಿಂದಲೇ. ಶುಕ್ರನ ಮೋಡದ್ದು ಹೆಚ್ಚೆಂದರೆ 0.004 ಎಂದು 2021ರಲ್ಲಿ ಲೆಕ್ಕ ಹಾಕಿದ್ದಾರೆ.

ಹೋಗಲಿ, ಅಲ್ಲಿ ಏನೋ ಇದೆ ಎಂದೇ ಇಟ್ಟುಕೊಳ್ಳೋಣ. ನಮ್ಮ ನೌಕೆ ಮೋಡದೊಳಗೆ ಇಳಿಯುವುದಿಲ್ಲ, ಮೇಲಿನಿಂದ ಸುತ್ತುತ್ತದೆ. ಒಂದು ಹನಿಯನ್ನೂ ಹಿಡಿದು ನೋಡಲಾರದು. ಮಂಗಳನಲ್ಲಿ ಮಿಥೇನ್ ಹುಡುಕುತ್ತೇವೆ ಎಂದು 2013ರಲ್ಲಿ ಹೊರಟಾಗಲೂ ಪತ್ರಿಕೆಗಳು ಜೀವದ ಸುಳಿವು ಎಂದೇ ಬರೆದವು. ಮಿಥೇನ್ ಬಗ್ಗೆ ನಮ್ಮ ನೌಕೆಯಿಂದ ನಿರ್ಣಾಯಕ ಉತ್ತರ ಬರಲಿಲ್ಲ. ಬಂದದ್ದು ಸೊಗಸಾದ ಚಿತ್ರಗಳು, ನೋಟಿನ ಮೇಲೆ ಅದರ ಚಿತ್ರ.

ಶುಕ್ರನನ್ನು ನೋಡಿ ನಮ್ಮ ಹವಾಮಾನ ಕಲಿಯಬೇಕು ಎಂಬುದು ಇನ್ನೊಂದು ವಾದ. ಅಲ್ಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ 96.5, ನಮ್ಮಲ್ಲಿ ಶೇ 0.04. ಅಷ್ಟು ದೂರ ಹೋಗಿ ಕಲಿಯಬೇಕಾದ ಪಾಠ ಅದೇ ಆಗಿದ್ದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಅರ್ಧ ದಿನ ನಿಂತರೆ ಸಾಕು.

ನೌಕೆ ಕಳಿಸಲು ಅನುಕೂಲವಾದ ಶುಕ್ರ-ಭೂಮಿಗಳ ಹೊಂದಾಣಿಕೆ ಸುಮಾರು 19 ತಿಂಗಳಿಗೊಮ್ಮೆ ಮರಳಿ ಬರುತ್ತದೆ, ಈ ಸಲ ತಪ್ಪಿದರೆ ಬಾಗಿಲೇನೂ ಮುಚ್ಚಿಹೋಗುವುದಿಲ್ಲ. ಈ ಯೋಜನೆಯೇ ಮೊದಲು 2023ರ ಮಾತಾಗಿತ್ತು. ಇನ್ನೊಂದು ಸುತ್ತು ತಡವಾದರೂ ಚಿಂತೆಯಿಲ್ಲ, ಮೋಡಕ್ಕೆ ಇಳಿಯುವ ಬಲೂನೊಂದನ್ನು ಸೇರಿಸಿಕೊಂಡು ಹೊರಡಲಿ. ಅದು ಆಗದಿದ್ದರೆ ರೇಡಾರ್ ಹೊತ್ತ ನೌಕೆಯನ್ನು ರೇಡಾರ್ ಹೊತ್ತ ನೌಕೆ ಎಂದೇ ಕರೆದು ಕಳಿಸಲಿ; ಹಾಗಾದರೆ ಈ ಅಂಕಣದಲ್ಲಿ ಪರ ಬರೆಯಲು ನಾನೇ ಮುಂದೆ ಬರುತ್ತೇನೆ.