ಎತ್ತಿಗೆ ಜ್ವರ, ಎಮ್ಮೆಗೆ ‘ಕ್ಯಾಶ್ ಕ್ಲಿಯರ್’

ಸರ್ವರ್ ಮತ್ತೆ ಮಲಗಿದೆ. ಯಾವ ಇಲಾಖೆಯದು ಎಂದು ಕೇಳಬೇಡಿ, ನಿಮಗೆ ಈಗ ನೆನಪಾಯಿತಲ್ಲ, ಅದೇ. ಸಹಾಯವಾಣಿಗೆ ಫೋನ್ ಹಚ್ಚಿದರೆ ಹತ್ತು ನಿಮಿಷ ಸಂಗೀತ ಸೇವೆ, ಆಮೇಲೆ ಜೇನಿನಂಥ ದನಿಯಲ್ಲಿ ಅದೇ ಮಂತ್ರ: ‘ಸರ್, ಒಂದ್ಸಲ ಕ್ಯಾಶ್ ಕ್ಲಿಯರ್ ಮಾಡಿ ನೋಡಿ.’

ಹಳಬರ ಕಿವಿಗೆ ಇದು ಬೇರೆಯೇ ಕೇಳಿಸೀತು. ಕ್ಯಾಶ್ ಕ್ಲಿಯರ್ ಆಗದೆ ಫೈಲು ಓಡುವುದಿಲ್ಲ ಎಂಬುದನ್ನು ನಮ್ಮ ಜನ ಸ್ಮಾರ್ಟ್‌ಫೋನ್ ಹುಟ್ಟುವ ಮೊದಲೇ ಕಲಿತವರು. ಮತ್ತೆ ಬೇಕಾದೀತೆಂದು ಫೈಲುಗಳನ್ನು ಕೂಡಿಟ್ಟುಕೊಳ್ಳುವ ಫೋನಿನೊಳಗಿನ ಈ ಕ್ಯಾಶ್ ಫ್ರೆಂಚ್ ಭಾಷೆಯ ‘ಬಚ್ಚಿಡು’ ಎಂಬ ಪದದಿಂದ ಬಂದದ್ದಂತೆ. ಕಚೇರಿಯ ಕ್ಯಾಶೂ ಡ್ರಾಯರಿನಲ್ಲಿ ಬಚ್ಚಿಟ್ಟದ್ದೇ ಆದ್ದರಿಂದ ಅರ್ಥ ಕೆಟ್ಟಿಲ್ಲ.

ಪರದೆಯ ಮೇಲೆ 502, 503, 504 ಎಂಬ ಸಂಖ್ಯೆ ಕಂಡರೆ ಅದು ಸರ್ವರ್ ಕಡೆಯವರೇ ಬರೆದುಕೊಟ್ಟ ತಪ್ಪೊಪ್ಪಿಗೆ. 5ರಿಂದ ಶುರುವಾಗುವ ಈ ಸಂಖ್ಯೆಗಳೆಲ್ಲ ಆ ಕಡೆಯ ರೋಗ. ನಿಮ್ಮ ಫೋನನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಅದು ವಾಸಿಯಾಗದು. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ತಂತ್ರಾಂಶ ಕಾವೇರಿ 2.0 ಮಲಗಿ ಉಪನೋಂದಣಿ ಕಚೇರಿಗಳಲ್ಲಿ ಕ್ರಯಪತ್ರಗಳು ಕಾದು ಕೂತಿದ್ದವಲ್ಲ, ಸುಳ್ಳು ಖಾತೆಗಳನ್ನು ಬಳಸಿ ಸರ್ವರ್ ಮೇಲೆ ದಾಳಿ ಮಾಡಿದ್ದಾರೆ ಎಂದು ಕೊನೆಗೆ ಸರ್ಕಾರವೇ ಹೇಳಿತು. ಅಷ್ಟರಲ್ಲಿ ಎಷ್ಟು ಮುಗ್ಧ ಕುಕೀಗಳು, ಅಂದರೆ ನಿಮ್ಮ ಗುರುತಿಗೆಂದು ತಾಣಗಳು ಬ್ರೌಸರಿನಲ್ಲಿ ಇಟ್ಟುಹೋಗುವ ಚೀಟಿಗಳು, ಬಲಿಯಾದವೋ!

ಹಾಗೆಂದು ಮಂತ್ರ ಪೂರ್ತಿ ಸುಳ್ಳೂ ಅಲ್ಲ. ತಾಣದವರು ಹೊಸ ಕೋಡ್ ಹಾಕಿರುತ್ತಾರೆ, ಫೈಲಿನ ಹೆಸರು ಮಾತ್ರ ಹಳೆಯದೇ ಇರುತ್ತದೆ. ಬ್ರೌಸರು ಪಾಪ, ತಾನು ಕೂಡಿಟ್ಟ ತಂಗಳನ್ನೇ ಬಡಿಸುತ್ತದೆ. ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಫೈಲಿನ ಹೆಸರಿಗೆ ಆವೃತ್ತಿಯ ಗುರುತು ಅಂಟಿಸಿದ್ದರೆ ಈ ಕಷ್ಟವೇ ಇಲ್ಲ. ಒಬ್ಬ ಪ್ರೋಗ್ರಾಮರ್ ಮಾಡಬೇಕಾದ ಆ ಕೆಲಸವನ್ನು ಲಕ್ಷಾಂತರ ಜನರಿಗೆ ಹಂಚಿರುವುದನ್ನು ಅಧಿಕಾರ ವಿಕೇಂದ್ರೀಕರಣ ಎನ್ನೋಣ. ಲಾಗಿನ್ ಪುಟ ಗಾಣದೆತ್ತಿನಂತೆ ಸುತ್ತುತ್ತಲೇ ಇದ್ದರೆ, ಅಥವಾ ‘400’ ಎಂದು ತೋರಿಸಿ ಕುಕೀ ದೊಡ್ಡದಾಯಿತು ಎಂದು ಗೊಣಗಿದರೆ ಆಗಲೂ ಕುಕೀ ಅಳಿಸುವುದು ಸರಿಯಾದ ಮದ್ದೇ.

ರೋಗ ಯಾರದೆಂದು ತಿಳಿಯಲು ಅರ್ಧ ನಿಮಿಷ ಸಾಕು. ಅದೇ ಪುಟವನ್ನು, ಹಳೆಯ ಕ್ಯಾಶ್, ಕುಕೀ ಮುಟ್ಟದ ಖಾಸಗಿ ಕಿಟಕಿಯಾದ ಇನ್‌ಕಾಗ್ನಿಟೊದಲ್ಲಿ ತೆರೆಯಿರಿ. ಅಲ್ಲಿ ನಡೆದರೆ ದೋಷ ನಿಮ್ಮ ಫೋನಿನ ಕ್ಯಾಶ್ ಅಥವಾ ಕುಕೀಯದು. ಅಲ್ಲೂ ನಡೆಯದಿದ್ದರೆ ಅವುಗಳನ್ನು ಸುಮ್ಮನೆ ಬಿಡಿ. ದೋಷ ನಿಮ್ಮದೇ ಆದರೂ ಇಡೀ ಊರಿಗೆ ಬೆಂಕಿ ಹಚ್ಚಬೇಕಿಲ್ಲ. ಕ್ರೋಮ್‌ನಲ್ಲಿ ವಿಳಾಸದ ಎಡಕ್ಕಿರುವ ಚಿಹ್ನೆ ಒತ್ತಿ, ‘ಕುಕೀಸ್ ಅಂಡ್ ಸೈಟ್ ಡೇಟಾ’ಕ್ಕೆ ಹೋಗಿ, ಆ ಒಂದು ತಾಣದ್ದಷ್ಟೇ ಅಳಿಸಬಹುದು. ಸಹಾಯವಾಣಿ ಇದನ್ನು ಹೇಳುವುದಿಲ್ಲ. ಅದು ಹೇಳುವುದು ‘ಡಿಲೀಟ್ ಬ್ರೌಸಿಂಗ್ ಡೇಟಾ’. ಅಲ್ಲಿ ಅವಧಿ ‘ಕಳೆದ 15 ನಿಮಿಷ’ ಎಂದಿದ್ದರೆ ಹೋದ ತಿಂಗಳ ಹಳಸಲು ಫೈಲು ಕೂತಲ್ಲೇ ಕೂತಿರುತ್ತದೆ. ‘ಆಲ್ ಟೈಮ್’ ಆರಿಸಿ, ಕೈತಪ್ಪಿ ಪಾಸ್‌ವರ್ಡ್‌ನ ಚೌಕಕ್ಕೂ ಟಿಕ್ ಹಾಕಿದಿರೋ, ಸಂಜೆಯವರೆಗೂ ಓಟಿಪಿ ಹಬ್ಬ.

ಇನ್ನು ಆ್ಯಪ್‌ಗಳ ಕಥೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಬೇಕಾದ ಆ್ಯಪ್, ‘ಸ್ಟೋರೇಜ್ ಅಂಡ್ ಕ್ಯಾಶ್’ ಎಂದು ಹೋದರೆ ಎರಡು ಬಟನ್ ಅಕ್ಕಪಕ್ಕ ಕೂತಿವೆ. ‘ಕ್ಲಿಯರ್ ಕ್ಯಾಶ್’ ಹಸುವಿನಂಥದು, ಒತ್ತಿದರೆ ಮನೆ ಗುಡಿಸಿದಷ್ಟೇ. ಪಕ್ಕದ ‘ಕ್ಲಿಯರ್ ಸ್ಟೋರೇಜ್’ ಮನೆಯನ್ನೇ ಗುಡಿಸಿ ಹಾಕುತ್ತದೆ. ಯುಪಿಐ ಆ್ಯಪ್‌ನಲ್ಲಿ ಒತ್ತಿದರೆ ಮತ್ತೆ ಮೊದಲಿನಿಂದ ನೋಂದಣಿ, ಸಿಮ್‌ನಿಂದ ಎಸ್ಸೆಮ್ಮೆಸ್ ಹೋಗಿ ನಂಬರು ದೃಢವಾಗಬೇಕು, ಎಸ್ಸೆಮ್ಮೆಸ್ ಕಳಿಸುವಷ್ಟು ಕರೆನ್ಸಿ ಇಲ್ಲದವರು ಅಲ್ಲೇ ನಿಂತರು. ವಾಟ್ಸ್ಆ್ಯಪ್‌ನಲ್ಲಿ ಒತ್ತಿದರೆ ಕೊನೆಯ ಬ್ಯಾಕಪ್ ಆದ ದಿನದವರೆಗಿನ ಮಾತುಕತೆ ಮಾತ್ರ ವಾಪಸ್ಸು ಬರುತ್ತದೆ, ಬ್ಯಾಕಪ್ಪೇ ಇಲ್ಲದಿದ್ದರೆ ಅದೂ ಇಲ್ಲ. ಐಫೋನಿನವರಿಗೆ ಈ ಗೊಂದಲವಿಲ್ಲ, ಏಕೆಂದರೆ ಎಲ್ಲ ಆ್ಯಪ್‌ಗೂ ಅಂಥದೊಂದು ಬಟನ್ನೇ ಅಲ್ಲಿಲ್ಲ. ‘ಆಫ್‌ಲೋಡ್’ ಮಾಡಿದರೆ ಆ್ಯಪ್ ಹೋಗುತ್ತದೆ, ಅದರ ಡೇಟಾ ಉಳಿಯುತ್ತದೆ. ಸಹಾಯವಾಣಿಯ ಕೈಲಿರುವ ಹಾಳೆಯಲ್ಲಿ ಐಫೋನಿನ ಪುಟ ಇನ್ನೂ ಅಚ್ಚಾದಂತಿಲ್ಲ.

ಜಾಗ ಉಳಿಸಲು ಕ್ಯಾಶ್ ಅಳಿಸುವವರದು ಬೇರೆ ಪಂಥ. ದಿನಾ ಬೆಳಿಗ್ಗೆ ಸ್ನಾನಕ್ಕೆ ಮೊದಲು ಇವರ ಫೋನಿಗೆ ಸ್ನಾನ. ಅಳಿಸಿದ ಅರ್ಧ ಗಂಟೆಯಲ್ಲಿ ಆ್ಯಪ್‌ಗಳು ಅದನ್ನೇ ಮತ್ತೆ ಇಳಿಸಿಕೊಳ್ಳುತ್ತವೆ, ನಿಮ್ಮ ಡೇಟಾ ಪ್ಯಾಕ್ ಖರ್ಚಿನಲ್ಲಿ. ಜಾಗ ಸಾಲದಾದಾಗ ಕ್ಯಾಶನ್ನು ತಾನೇ ಅಳಿಸುವ ಬುದ್ಧಿ ಆಂಡ್ರಾಯ್ಡ್‌ಗೆ ಇದೆ. ಆದರೂ ‘ನಿಮ್ಮ ಫೋನ್ ಅಪಾಯದಲ್ಲಿದೆ!’ ಎಂದು ಕೆಂಪು ದೀಪ ಮಿಣುಕಿಸುವ ಕ್ಲೀನರ್ ಆ್ಯಪ್‌ಗಳ ಮೇಲೆ ನಮಗೆ ಭಕ್ತಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿ ತೆಗೆದು ನೋಡಿ: ಕ್ಲೀನ್ ಮಾಸ್ಟರ್, ಡಿಯು ಕ್ಲೀನರ್, ವೈರಸ್ ಕ್ಲೀನರ್. ಕಸ ಗುಡಿಸಲು ಬಂದ ಪೊರಕೆಗಳನ್ನೇ ಸರ್ಕಾರ ಕಸಕ್ಕೆ ಹಾಕಿತ್ತು.

ನಿಜವಾದ ಕಸ ಕ್ಯಾಶ್‌ನಲ್ಲಿ ಇಲ್ಲವೇ ಇಲ್ಲ. ಅದು ಗುಲಾಬಿ, ಕಾಫಿ ಲೋಟ ಮತ್ತು ದೇವರ ಚಿತ್ರದ ‘ಶುಭೋದಯ’ದಲ್ಲಿದೆ. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’, ಅದರಲ್ಲಿ ‘ಮ್ಯಾನೇಜ್ ಸ್ಟೋರೇಜ್’ ಒತ್ತಿ. 5 ಎಂಬಿಗಿಂತ ದೊಡ್ಡವು ಒಂದು ಕಡೆ, ಹಲವು ಬಾರಿ ಫಾರ್ವರ್ಡ್ ಆದವು ಇನ್ನೊಂದು ಕಡೆ ಸಾಲಾಗಿ ನಿಂತಿರುತ್ತವೆ. ಆದರೆ ಸೋದರಮಾವ ಕಳಿಸಿದ ವೆಂಕಟರಮಣನನ್ನು ಡಿಲೀಟ್ ಮಾಡಲು ಯಾರಿಗೆ ಧೈರ್ಯ? ಅದಕ್ಕೇ ಎಲ್ಲರೂ ಕ್ಯಾಶ್ ಕಡೆ ತಿರುಗುತ್ತಾರೆ.

ಹಿಸ್ಟರಿ ಅಳಿಸಿ ನಿಟ್ಟುಸಿರು ಬಿಡುವ ಗೃಹಸ್ಥರಿಗೂ ಒಂದು ಮಾತು. ಅಳಿದದ್ದು ಬ್ರೌಸರಿನ ಪಟ್ಟಿ. ಗೂಗಲ್ ಖಾತೆಯ ‘ಮೈ ಆಕ್ಟಿವಿಟಿ’ ಬೇರೆಯೇ ಕಡತ, ಅಲ್ಲಿ 3, 18 ಅಥವಾ 36 ತಿಂಗಳಿಗೆ ತಾನಾಗಿ ಅಳಿಯುವಂತೆ ನೀವು ಹೇಳಿಡಬಹುದು. ಇನ್‌ಕಾಗ್ನಿಟೊ ಕಿಟಕಿಯಲ್ಲೂ ಗೂಗಲ್ ಜನರ ಜಾಡು ಹಿಡಿಯುತ್ತಿದೆ ಎಂದು 2020ರಲ್ಲಿ ಅಮೆರಿಕದಲ್ಲಿ ಹೂಡಿದ ಮೊಕದ್ದಮೆ 2024ರಲ್ಲಿ ರಾಜಿಯಾದಾಗ ಗೂಗಲ್ ನೂರಾರು ಕೋಟಿ ದಾಖಲೆ ಅಳಿಸಲು ಒಪ್ಪಿತು. ಒಪ್ಪಿತೆಂದರೆ, ಅಲ್ಲಿಯವರೆಗೂ ಇದ್ದವು. ನಮ್ಮ ಟೆಲಿಕಾಂ ಕಂಪನಿಗಳಿಗಂತೂ ಬಳಕೆಯ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಡಬೇಕೆಂದು 2021ರ ಡಿಸೆಂಬರ್‌ನಲ್ಲೇ ದೂರಸಂಪರ್ಕ ಇಲಾಖೆ ಷರತ್ತು ಹಾಕಿದೆ.

ನಗು ಸಾಕು. ಕೂಲಿ ಬಿಟ್ಟು, ಬಸ್ ಹತ್ತಿ ಬಂದು ಸೈಬರ್ ಸೆಂಟರಿನ ಕಟ್ಟೆಯ ಮೇಲೆ ಕೂತ ಅಜ್ಜಿಗೆ ‘ನಿಮ್ಮ ಫೋನಲ್ಲೇ ಪ್ರಾಬ್ಲಮ್’ ಎನ್ನುವುದು ತಾಂತ್ರಿಕ ಸಲಹೆಯಲ್ಲ, ಸುಳ್ಳು. ಸರ್ವರ್‌ನ ಸಾಮರ್ಥ್ಯ ಸಾಲದು, ನಾಳೆ ಹನ್ನೊಂದಕ್ಕೆ ಬನ್ನಿ ಎಂದು ಒಂದು ಸಾಲು ಹಾಕಲು ಎಷ್ಟು ಖರ್ಚಾಗುತ್ತದೆ? ಅದನ್ನು ಹಾಕಿದರೆ ತಪ್ಪು ತಮ್ಮದೆಂದು ದಾಖಲಾಗುತ್ತದೆ, ಅಷ್ಟೇ ಹೆದರಿಕೆ. ಅಜ್ಜಿಯ ಒಂದು ದಿನ ಯಾವ ದಾಖಲೆಗೂ ಬರುವುದಿಲ್ಲ.

ಸಂಜೆ ಎಸ್ಸೆಮ್ಮೆಸ್ ಬರುತ್ತದೆ: ‘ನಿಮ್ಮ ದೂರನ್ನು ಪರಿಹರಿಸಲಾಗಿದೆ. ಅಭಿಪ್ರಾಯ ತಿಳಿಸಲು ಈ ಕೊಂಡಿ ಒತ್ತಿ.’ ಒತ್ತಿದರೆ, 503.