ನದಿ ಪಕ್ಕದ ಚಾರಣ: ದಯವಿಟ್ಟು ನದಿಯನ್ನು ಹುಡುಕಬೇಡಿ

ಗೇಟಿನಲ್ಲೇ ದೊಡ್ಡ ಬೋರ್ಡು: 'ನದಿತೀರ ಚಾರಣ ಪಥ. ಉದ್ದ 800 ಮೀಟರ್. ಕಷ್ಟದ ಮಟ್ಟ: ಮಧ್ಯಮ.' ಇದು ಯಾವ ನಗರದ ಉದ್ಯಾನ ಎಂದು ಕೇಳಬೇಡಿ. ಹೆಸರು ಬದಲಾಯಿಸಿದರೆ ಎಲ್ಲಿಗೆ ಬೇಕಾದರೂ ಹೊಂದುತ್ತದೆ.

ಕಷ್ಟ ಎಲ್ಲಿದೆ ಎಂದು ಹುಡುಕಿದರೆ ಪಥದಲ್ಲಂತೂ ಸಿಗುವುದಿಲ್ಲ. ಅದು ಕೇರಂ ಬೋರ್ಡಿನಷ್ಟು ಸಮತಟ್ಟು. ಕಷ್ಟ ಇರುವುದು ಗೇಟು ಮುಟ್ಟುವುದರಲ್ಲಿ. ಆರು ಲೇನಿನ ರಸ್ತೆ ದಾಟಬೇಕು. ಝೀಬ್ರಾ ಪಟ್ಟಿ ಇಲ್ಲ, ಸಿಗ್ನಲ್ ಇಲ್ಲ. ಎವರೆಸ್ಟ್ ಹತ್ತಿ ಬಂದವರೂ ಆ ಡಿವೈಡರ್ ಮೇಲೆ ನಿಂತು ಒಂದು ಕ್ಷಣ ಯೋಚಿಸುತ್ತಾರೆ. ಹಾಗಾಗಿ ನಡೆಯಲು ಬರುವವರೆಲ್ಲ ಕಾರಿನಲ್ಲಿ ಬರುತ್ತಾರೆ. ಕಾರು ಬಂದ ಮೇಲೆ ಪಾರ್ಕಿಂಗ್ ಬೇಕಲ್ಲ? ಇದ್ದ ಹುಲ್ಲಿನ ಬಯಲು ಅದಕ್ಕೆ ಹೋಯಿತು.

ಕಾರಿನಿಂದ ಇಳಿಯುವವರ ಸಿದ್ಧತೆ ನೋಡಬೇಕು. ಬೆನ್ನಿಗೆ ದೊಡ್ಡ ಚೀಲ, ಕಾಲಿಗೆ ಹಿಮದ ಮೇಲೂ ಜಾರದ ಬೂಟು, ಎರಡೂ ಕೈಯಲ್ಲಿ ಟ್ರೆಕ್ಕಿಂಗ್ ಕೋಲು. ಮಣಿಕಟ್ಟಿನ ಗಡಿಯಾರ ಹತ್ತು ಸಾವಿರ ಹೆಜ್ಜೆ ಕೇಳುತ್ತದೆ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಉಪಕರಣ ಮಾರಲು ಬಂದ ಸಂಖ್ಯೆ ಅದು. ವೈದ್ಯರು ಬರೆದುಕೊಟ್ಟದ್ದಲ್ಲ. ಆದರೂ ಪಾಪ, 800 ಮೀಟರಿನಲ್ಲಿ ಅದನ್ನು ಮುಗಿಸಲು ಜನ ಒಂದೇ ಕಸದ ಬುಟ್ಟಿಗೆ ಮತ್ತೆ ಮತ್ತೆ ಪ್ರದಕ್ಷಿಣೆ ಹಾಕುತ್ತಾರೆ.

ಆ ಬುಟ್ಟಿ ಮರದ ಬೊಡ್ಡೆಯ ಆಕಾರದಲ್ಲಿದೆ. ಸಿಮೆಂಟಿನದು. ಕಾಡಿನ ಅನುಭವ ಕೊಡಬೇಕಿತ್ತು, ಅದಕ್ಕೆ ಅಡ್ಡ ಬಂದ ಮರಗಳನ್ನು ಕಡಿಯಲೇಬೇಕಾಯಿತು. ದಂಡೆಯ ಮಣ್ಣನ್ನು ಹಿಡಿದಿಟ್ಟದ್ದು ಆ ಮರಗಳ ಬೇರುಗಳೇ. ಬೇರು ಹೋದ ಮೇಲೆ ಮಣ್ಣು ಕುಸಿಯಿತು. ಮಣ್ಣು ಕುಸಿದ ಮೇಲೆ ತಡೆಗೋಡೆ ಬಂತು. ಒಂದು ಕಾಮಗಾರಿ ಇನ್ನೊಂದನ್ನು ಹೆರುವುದು ಹೀಗೆ. ರಾತ್ರಿಯಿಡೀ ಬಣ್ಣದ ದೀಪ ಉರಿಯುವುದರಿಂದ ಹಕ್ಕಿಗಳು ಜಾಗ ಖಾಲಿ ಮಾಡಿವೆ. ಚಿಂತೆಯಿಲ್ಲ, ಫೈಬರ್ ಬಂಡೆಯೊಳಗಿನ ಸ್ಪೀಕರಿನಿಂದ ಚಿಲಿಪಿಲಿ ಬರುತ್ತದೆ. ಕರೆಂಟ್ ಹೋದರೆ ಹಕ್ಕಿಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚುತ್ತವೆ.

ಇನ್ನು ನದಿ. ಅದು ತಡೆಗೋಡೆಯ ಆಚೆ ಇದೆ ಎಂದು ನಂಬಬೇಕು. ನೋಡಲು ಒಂದು ವೀಕ್ಷಣಾ ಕಟ್ಟೆ ಮಾಡಿದ್ದಾರೆ. ಅದರ ಎದುರಿಗೇ ಗಣ್ಯರ ಫೋಟೋಗಳ ಫ್ಲೆಕ್ಸ್ ಕಟ್ಟಿರುವುದರಿಂದ ಅವರನ್ನು ಚೆನ್ನಾಗಿ ವೀಕ್ಷಿಸಬಹುದು. ಮಧ್ಯಾಹ್ನ ಗೇಟಿಗೆ ಬೀಗ. ಆ ಹೊತ್ತಿನಲ್ಲೂ ನದಿ ಅನುಮತಿ ಇಲ್ಲದೆ ಹರಿಯುತ್ತಿರುತ್ತದೆ.

ನೀರಿನ ವಿಷಯ ಬಂದಾಗ ನಮ್ಮ ಎಂಜಿನಿಯರಿಂಗ್ ನಿಜಕ್ಕೂ ಮೇಲೇಳುತ್ತದೆ. ಜಗತ್ತಿನಲ್ಲಿ ಕಾಲುದಾರಿ ಕಟ್ಟುವವರಿಗೆ ಕೆಲವು ಹಳೆಯ ಲೆಕ್ಕಗಳಿವೆ. ದಾರಿಯ ಏರು ಸರಾಸರಿ ಶೇ. 10 ದಾಟಬಾರದು. ಮೈ ಇಳಿಜಾರಿನ ಕಡೆಗೆ ಒಂಚೂರು, ಶೇ. 5ರಷ್ಟು, ವಾಲಿರಬೇಕು. ಆಗ ಮಳೆನೀರು ದಾರಿಯುದ್ದಕ್ಕೂ ಓಡದೆ ಅಡ್ಡಡ್ಡ ದಾಟಿಹೋಗುತ್ತದೆ. ನಮ್ಮ ಪಥಕ್ಕೆ ವಾಲುವ ಅಭ್ಯಾಸವೇ ಇಲ್ಲ. ಎರಡೂ ಕಡೆ ಕಲ್ಲಿನ ಅಂಚು ಬೇರೆ ಕಟ್ಟಿದ್ದಾರೆ. ಬಿದ್ದ ನೀರು ಎಲ್ಲಿಗೂ ಹೋಗುವ ಹಾಗಿಲ್ಲ. ಮೊದಲ ಮಳೆಗೇ 800 ಮೀಟರ್ ಉದ್ದದ ಈಜುಕೊಳ ಸಿದ್ಧ.

ದೊಡ್ಡ ಮಳೆಗೆ ನದಿಯೇ ಬರುತ್ತದೆ. ಪ್ರವಾಹ ಹರಡಿಕೊಳ್ಳಲು ನದಿ ಇಟ್ಟುಕೊಂಡಿದ್ದ ಜಾಗ ಅದು. ಗೋಡೆ ಕಟ್ಟಿ ಪಾತ್ರ ಕಿರಿದು ಮಾಡಿದರೆ ನೀರು ಇನ್ನೂ ಎತ್ತರಕ್ಕೆ, ಇನ್ನೂ ಜೋರಾಗಿ ಬರುತ್ತದೆ. ಬೆಂಚು, ಬಂಡೆ, ಸ್ಪೀಕರ್ ಎಲ್ಲವೂ ಅದರ ಜೊತೆ ಚಾರಣ ಹೊರಡುತ್ತವೆ. ಮರುದಿನ ತನಿಖೆಗೆ ಬಂದವರ ಮುಖ ನೋಡಿದರೆ ನದಿಯ ಮೇಲೆ ಒತ್ತುವರಿ ಕೇಸು ಹಾಕುವ ಹಾಗಿರುತ್ತದೆ.

ಇದಕ್ಕೆಲ್ಲ ವಿದೇಶದ ಅಧ್ಯಯನ ಪ್ರವಾಸವೂ ಆಗಿರುತ್ತದೆ ಅನ್ನಿ. ಜರ್ಮನಿಯ ಮ್ಯೂನಿಕ್‌ನಲ್ಲಿ 2000ದಿಂದ 2011ರವರೆಗೆ ಇಸಾರ್ ನದಿಯ 8 ಕಿಲೋಮೀಟರಿನಲ್ಲಿ ಕಟ್ಟಿದ ದಂಡೆಗಳನ್ನು ಒಡೆದರು, ನದಿಗೆ ಜಾಗ ಬಿಟ್ಟರು, ಜಲ್ಲಿಕಲ್ಲಿನ ದಡಗಳು ವಾಪಸು ಬಂದವು. ನಮ್ಮವರು ಒಡೆಯುವ ಮೊದಲಿನ ಫೋಟೋ ತಂದು ಕೊಟ್ಟರು. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಮೇಲ್ಸೇತುವೆಯನ್ನೇ ಕೆಡವಿ ಚಿಯೊಂಗ್ಗೆಚಿಯೊನ್ ತೊರೆಯನ್ನು 2005ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ಅದರಲ್ಲಿ ಹರಿಯುವ ಬಹುಪಾಲು ನೀರು ಹಾನ್ ನದಿಯಿಂದ ಪಂಪಿನಲ್ಲಿ ಎತ್ತಿ ತಂದದ್ದು. ಮೇಲ್ಸೇತುವೆ ಕೆಡವಿದ್ದು ಯಾರ ಟಿಪ್ಪಣಿಯಲ್ಲೂ ಇಲ್ಲ, ಪಂಪು ಮಾತ್ರ ಎಲ್ಲರಿಗೂ ಇಷ್ಟವಾಯಿತು. ಅಮೆರಿಕದ ಪೋರ್ಟ್‌ಲೆಂಡ್‌ನ ಫಾರೆಸ್ಟ್ ಪಾರ್ಕಿನಲ್ಲಿ ನಗರದ ಒಳಗೇ ಸುಮಾರು 48 ಕಿಲೋಮೀಟರ್ ಉದ್ದದ ಮಣ್ಣಿನ ಚಾರಣದಾರಿ ಇದೆ, ಕೆಳಗೆ ವಿಲಾಮೆಟ್ ನದಿ. ಅದನ್ನು ಪಟ್ಟಿಯಿಂದ ಕೈಬಿಟ್ಟರು. ಬರೀ ಮಣ್ಣು, ನೋಡಲು ಏನಿದೆ?

ಈಗ ಹೊಸ ತಲೆನೋವು ಶುರುವಾಗಿದೆ. ಕಾಂಕ್ರೀಟಿನ ಪಕ್ಕದಲ್ಲೇ ಹುಲ್ಲಿನ ಮೇಲೆ ಮಣ್ಣಿನ ದಾರಿಯೊಂದು ಮೂಡುತ್ತಿದೆ. ಯಾರೂ ಕಟ್ಟಿದ್ದಲ್ಲ, ಜನ ತುಳಿದೇ ಆದದ್ದು. ಮಂಡಿಗೆ ಹಿತ, ನೆರಳಿರುವ ಕಡೆ ತಿರುಗುತ್ತದೆ, ಕೆಸರು ಕಂಡರೆ ಪಕ್ಕಕ್ಕೆ ಸರಿಯುತ್ತದೆ. ಒಂದು ಕಡೆ ಗೋಡೆಯ ಬಿರುಕಿನಿಂದ ನದಿ ಕೂಡ ಕಾಣುತ್ತದೆ! ಸಭೆ ಸೇರಿ ಇದನ್ನು ತಕ್ಷಣ ತಡೆಯಬೇಕೆಂದು ತೀರ್ಮಾನಿಸಿದರು. ಎರಡನೇ ಹಂತದಲ್ಲಿ ಬೇಲಿ ಬರಲಿದೆ, ಬಿರುಕಿಗೆ ಪ್ಲಾಸ್ಟರ್ ಆಗಲಿದೆ. ಸದ್ಯಕ್ಕೆ 'ಪಥ ಬಿಟ್ಟು ನಡೆದರೆ ದಂಡ' ಎಂಬ ಬೋರ್ಡು ಬಂದಿದೆ. ಅದನ್ನು ಹೊತ್ತು ತಂದ ಸಿಬ್ಬಂದಿ ಆ ಮಣ್ಣಿನ ದಾರಿಯಲ್ಲೇ ಬಂದರು. ಕಾಂಕ್ರೀಟಿನ ಮೇಲೆ ಇನ್ನೂ ಮೊಣಕಾಲುದ್ದ ನೀರು ನಿಂತಿತ್ತು.